ಸುಖಾಂತ, ದುಃಖಾಂತ ಮತ್ತು ಆಡುವವನ ಕೈ

ಕೆನಡಾದ ಎಡ್ಮಂಟನ್ ನಗರದಲ್ಲಿರುವ ಬಯೋವೇರ್ ಎಂಬ ವಿಡಿಯೊ ಗೇಮ್ ಸಂಸ್ಥೆಯ ಕಚೇರಿಗೆ 2012ರಲ್ಲಿ ಒಂದು ದಿನ ಸುಮಾರು 400 ಕಪ್‌ಕೇಕ್‌ಗಳು ಬಂದವು. ಕೆಲವಕ್ಕೆ ಕೆಂಪು ಬಣ್ಣದ ಕ್ರೀಮ್, ಕೆಲವಕ್ಕೆ ನೀಲಿ, ಕೆಲವಕ್ಕೆ ಹಸಿರು. ಯಾವುದನ್ನು ಕಚ್ಚಿದರೂ ರುಚಿ ಮಾತ್ರ ಒಂದೇ, ವೆನಿಲ್ಲಾ. ಅವನ್ನು ಕಳುಹಿಸಿದ್ದವರು ಅದೇ ಸಂಸ್ಥೆಯ ‘ಮಾಸ್ ಎಫೆಕ್ಟ್ 3’ ಆಟವನ್ನು ಆಗಷ್ಟೇ ಆಡಿ ಮುಗಿಸಿದ್ದ ಅಭಿಮಾನಿಗಳು. 2007ರಲ್ಲಿ ಮೊದಲ ಭಾಗ, 2010ರಲ್ಲಿ ಎರಡನೆಯದು, 2012ರ ಮಾರ್ಚ್‌ನಲ್ಲಿ ಮೂರನೆಯದು ಹೊರಬಂದ ಈ ಕಥೆಯಲ್ಲಿ, ಆಟಗಾರ ಯಾರನ್ನು ಉಳಿಸಿದ, ಯಾರನ್ನು ಸಾಯಲು ಬಿಟ್ಟ, ಯಾರ ಸ್ನೇಹ ಕಟ್ಟಿಕೊಂಡ ಎಂಬುದೆಲ್ಲ ಒಂದು ಭಾಗದಿಂದ ಮುಂದಿನ ಭಾಗಕ್ಕೆ ಹಾಗೆಯೇ ದಾಟಿ ಬರುತ್ತಿತ್ತು. ಐದು ವರ್ಷ ಹೀಗೆ ಒಂದೊಂದೇ ತೀರ್ಮಾನವನ್ನು ಕೂಡಿಡುತ್ತ ಬಂದವನ ಮುಂದೆ ಕಟ್ಟಕಡೆಯಲ್ಲಿ ಮೂರು ದಾರಿಗಳನ್ನು ಇಡಲಾಯಿತು. ಯಾವ ದಾರಿ ಹಿಡಿದರೂ ಹೆಚ್ಚುಕಡಿಮೆ ಅದೇ ದೃಶ್ಯ, ಅದೇ ಸ್ಫೋಟ. ಸ್ಫೋಟದ ಬೆಳಕು ಮಾತ್ರ ಒಂದರಲ್ಲಿ ಕೆಂಪು, ಒಂದರಲ್ಲಿ ನೀಲಿ, ಒಂದರಲ್ಲಿ ಹಸಿರು.

ಈ ಗಲಾಟೆಯನ್ನು ಹೊರಗಿನಿಂದ ನೋಡಿದ ಅನೇಕರು, ನಾಯಕ ಸತ್ತನೆಂದು ಹುಡುಗರು ರಚ್ಚೆ ಹಿಡಿದಿದ್ದಾರೆ, ಅವರಿಗೆ ಶುಭಂ ಎಂಬ ಫಲಕ ಬೇಕಾಗಿದೆ ಎಂದುಕೊಂಡರು. ಆ ಕಪ್‌ಕೇಕ್‌ಗಳು ಹೇಳುತ್ತಿದ್ದುದು ಬೇರೆ. ಕಥೆ ಕಹಿಯಾಯಿತು ಎಂಬುದಕ್ಕಿಂತ, ತಾವು ಮಾಡಿದ್ದೆಲ್ಲ ಲೆಕ್ಕಕ್ಕೇ ಬರಲಿಲ್ಲ ಎಂಬುದು ಅವರ ದೂರಾಗಿತ್ತು. ಅದೇ ಅಭಿಮಾನಿಗಳು ಪ್ರತಿಭಟನೆಯ ಭಾಗವಾಗಿಯೇ, ಆಸ್ಪತ್ರೆಗಳಲ್ಲಿರುವ ಮಕ್ಕಳಿಗೆ ಆಟಿಕೆ ಒದಗಿಸುವ ‘ಚೈಲ್ಡ್ಸ್ ಪ್ಲೇ’ ಎಂಬ ಸಂಸ್ಥೆಗೆ 80,000 ಡಾಲರ್‌ಗೂ ಹೆಚ್ಚು ಹಣ ಕೂಡಿಸಿಕೊಟ್ಟರು ಎಂಬುದನ್ನೂ ಮರೆಯಬಾರದು. ಆ ವರ್ಷದ ಜೂನ್ 26ರಂದು ಬಯೋವೇರ್ ಕೊನೆಯ ಭಾಗವನ್ನು ವಿಸ್ತರಿಸಿ ಉಚಿತವಾಗಿ ಬಿಡುಗಡೆ ಮಾಡಿತು. ನಾಯಕನ ಗತಿಯನ್ನು ಅದು ಬದಲಿಸಲಿಲ್ಲ. ಅವನಿಂದಾಗಿ ಯಾರು ಯಾರ ಬದುಕು ಏನಾಯಿತು ಎಂಬುದನ್ನು ತೋರಿಸಿತು, ಮೂರೂ ದಾರಿ ಬೇಡ ಎನ್ನುವವನಿಗೆ ನಾಲ್ಕನೆಯ ದಾರಿಯನ್ನು ಕೊಟ್ಟಿತು. ಆ ನಾಲ್ಕನೆಯದು ಎಲ್ಲಕ್ಕಿಂತ ಘೋರವಾದ ಕೊನೆ, ಏಕೆಂದರೆ ಅಲ್ಲಿ ಎಲ್ಲರೂ ಅಳಿದುಹೋಗುತ್ತಾರೆ. ಆದರೂ ಅದನ್ನು ಬೇಕೆಂದು ಆರಿಸಿಕೊಂಡವರಿದ್ದಾರೆ.

ಗೇಮ್‌ಗಳ ಕಥೆ ಸುಖವಾಗಿ ಮುಗಿಯಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅದಕ್ಕೆ ಕಾರಣಗಳನ್ನು ಕೊಡುತ್ತೇನೆ. ಸುಖವಾಗಲಿ ದುಃಖವಾಗಲಿ, ಅದು ಆಡುವವನ ಕೈಯನ್ನು ಹಾದು ಬರಬೇಕು. ಕೈಗೆ ಗೊತ್ತಿಲ್ಲದೆ ಬಂದ ಸುಖಾಂತ ಬಿಟ್ಟಿಯಾಗಿ ಸಿಕ್ಕ ಪ್ರಸಾದದಂತೆ ಒಂದು ಗಳಿಗೆ ಸಿಹಿ. ಕೈಗೆ ಗೊತ್ತಿಲ್ಲದೆ ಬಂದ ದುಃಖಾಂತ ಶುದ್ಧ ಅನ್ಯಾಯ.

ಮೊದಮೊದಲ ಆಟಗಳಿಗೆ ಕೊನೆಯೆಂಬುದೇ ಇರಲಿಲ್ಲ. 1978ರಲ್ಲಿ ಜಪಾನಿನಲ್ಲಿ ಬಂದ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಆಕಾಶದಿಂದ ಇಳಿಯುವ ವೈರಿಗಳ ಒಂದು ಸಾಲನ್ನು ಮುಗಿಸಿದರೆ ಇನ್ನೊಂದು ಸಾಲು ಬರುತ್ತಿತ್ತು, ಆಟಗಾರ ಸೋಲುವವರೆಗೂ ಬರುತ್ತಲೇ ಇರುತ್ತಿತ್ತು. ನಾಣ್ಯ ಹಾಕಿ ಆಡುವ ಯಂತ್ರಕ್ಕೆ ಅದೇ ಲಾಭ. ಗೆದ್ದವನು ಎದ್ದು ಹೋಗುತ್ತಾನೆ, ಸೋತವನು ಇನ್ನೊಂದು ನಾಣ್ಯ ಹಾಕುತ್ತಾನೆ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಹೊತ್ತಿಗೆ ಕಾಪಾಡಲೊಬ್ಬ ರಾಜಕುಮಾರಿಯೂ ಮುಟ್ಟಲೊಂದು ಕೊನೆಯೂ ಬಂದಿದ್ದವು. ಟಿ.ವಿ.ಗೆ ತಂತಿ ಸಿಕ್ಕಿಸಿ, ಕ್ಯಾಸೆಟ್ಟನ್ನು ಊದಿ ಊದಿ ಹಾಕಿ ಆಡಿದ ನಮ್ಮ ತಲೆಮಾರಿನವರಿಗೆ, ರಾಜಕುಮಾರಿ ಬೇರೊಂದು ಕೋಟೆಯಲ್ಲಿದ್ದಾಳೆ ಎಂದು ಕೋಟೆ ಕೋಟೆಯಲ್ಲೂ ಹೇಳಿಸಿಕೊಂಡು ಮುಂದೆ ಹೋದದ್ದು ನೆನಪಿರುತ್ತದೆ. ಎಂಟನೆಯ ಕೋಟೆಯಲ್ಲಿ ಅವಳು ಸಿಗಲೇಬೇಕಿತ್ತು. ಅಷ್ಟು ದೂರ ನಡೆಸಿದ ಆಟ ಅಲ್ಲಿ ಬೇರೆ ಏನನ್ನು ಕೊಟ್ಟಿದ್ದರೂ ಅದು ಮಾತು ತಪ್ಪಿದಂತಾಗುತ್ತಿತ್ತು.

ಇವೆರಡರ ನಡುವೆ, 1980ರಲ್ಲಿ ಅಟಾರಿ ಸಂಸ್ಥೆ ತಂದ ‘ಮಿಸೈಲ್ ಕಮಾಂಡ್’ ಎಂಬ ಆಟದ ಬಳಿ ಸ್ವಲ್ಪ ನಿಲ್ಲಬೇಕು. ಪರದೆಯ ಕೆಳಗೆ ಆರು ನಗರಗಳಿರುತ್ತವೆ, ಮೇಲಿನಿಂದ ಅಣ್ವಸ್ತ್ರ ಕ್ಷಿಪಣಿಗಳು ಬೀಳುತ್ತಿರುತ್ತವೆ, ಮೂರು ನೆಲೆಗಳಿಂದ ಪ್ರತಿಕ್ಷಿಪಣಿ ಹಾರಿಸಿ ಅವುಗಳನ್ನು ತಡೆಯಬೇಕು. ನಿಮ್ಮ ಬಳಿ ಇರುವ ಅಸ್ತ್ರಗಳು ಎಣಿಕೆಯವು, ಬರುವವು ಹೆಚ್ಚುತ್ತಲೇ ಹೋಗುತ್ತವೆ. ಯಾವ ನಗರವನ್ನು ಬಿಟ್ಟುಕೊಟ್ಟು ಯಾವುದನ್ನು ಉಳಿಸಿಕೊಳ್ಳಲಿ ಎಂಬ ಲೆಕ್ಕವನ್ನು ಆಟಗಾರ ಕ್ಷಣಕ್ಷಣವೂ ಹಾಕಬೇಕಾಗುತ್ತದೆ. ಎಂಥ ಚತುರನಾದರೂ ಕೊನೆಗೆ ಆರೂ ಉರಿದುಹೋಗುತ್ತವೆ. ಆಗ ಪರದೆಯ ಮೇಲೆ ಬರುವ ಮಾತು, ಬೇರೆಲ್ಲ ಯಂತ್ರಗಳಲ್ಲಿರುವಂತೆ ‘ಗೇಮ್ ಓವರ್’ ಎಂದಲ್ಲ, ‘ದಿ ಎಂಡ್’ ಎಂದು. ಅದನ್ನು ರಚಿಸಿದ ಡೇವ್ ಥ್ಯೂರರ್ ಅವರಿಗೆ ಆ ಕೆಲಸದ ಕಾಲದಲ್ಲಿ ನಗರಗಳು ನಾಶವಾಗುವ ಕೆಟ್ಟ ಕನಸುಗಳು ಬೀಳುತ್ತಿದ್ದವು. ಶೀತಲ ಸಮರದ ಆ ದಿನಗಳಲ್ಲಿ ಅಣ್ವಸ್ತ್ರ ಯುದ್ಧದ ಆಟಕ್ಕೆ ಗೆಲುವಿನ ಕೊನೆಯನ್ನು ಇಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು. ಒಂದೇ ಒಂದು ಸಂಭಾಷಣೆಯಿಲ್ಲದ ಈ ಆಟದ ದುಃಖಾಂತ ನನಗೆ ಇಂದಿಗೂ ದೊಡ್ಡದಾಗಿಯೇ ಕಾಣುತ್ತದೆ, ಏಕೆಂದರೆ ಪ್ರತಿಯೊಂದು ನಗರವನ್ನೂ ಬಿಟ್ಟುಕೊಟ್ಟವನು ಆಡಿದವನೇ.

ಇಲ್ಲಿ ನಮ್ಮ ರಂಗಭೂಮಿಯ ಕಡೆಗೆ ಒಂದು ಗಳಿಗೆ ತಿರುಗುತ್ತೇನೆ. ರಾತ್ರಿಯಿಡೀ ಗದಾಯುದ್ಧ ನಡೆದು ಕೌರವ ತೊಡೆ ಮುರಿದು ಬಿದ್ದರೂ ಯಕ್ಷಗಾನ ಮಂಗಳ ಹಾಡಿಯೇ ಮುಗಿಯುತ್ತದೆ. ಸಂಸ್ಕೃತ ನಾಟಕಗಳು ಭರತವಾಕ್ಯದ ಹಾರೈಕೆಯಿಂದ ಕೊನೆಗೊಳ್ಳುತ್ತವೆ. ಪಾಶ್ಚಾತ್ಯ ಟ್ರ್ಯಾಜಿಡಿಯ ಕಣ್ಣಿನಿಂದ ರನ್ನನ ದುರ್ಯೋಧನನನ್ನು ಬಿ.ಎಂ.ಶ್ರೀಯವರು ಮತ್ತೆ ನೋಡಿದಾಗ ‘ರುದ್ರನಾಟಕ’ ಎಂಬ ಮಾತು ಕನ್ನಡದಲ್ಲಿ ನೆಲೆಯೂರಿತು. ಸುಖಾಂತ ಬೇಕೋ ಬೇಡವೋ ಎಂಬ ಚರ್ಚೆ ಹೀಗೆ ನಮಗೆ ಹೊಸದೇನೂ ಅಲ್ಲ. ಆದರೆ ಆ ಚರ್ಚೆಯಲ್ಲಿ ಕುಳಿತು ನೋಡುವವನೊಬ್ಬನಿದ್ದ, ಮತ್ತು ಅವನ ಕೈ ಖಾಲಿಯಿತ್ತು. ವೈಶಂಪಾಯನ ಸರೋವರದ ದಡದಲ್ಲಿ ದುರ್ಯೋಧನ ಬಿದ್ದುದಕ್ಕೆ ಅವನು ಮರುಗಬಹುದು, ಕಣ್ಣೊರೆಸಿಕೊಳ್ಳಬಹುದು. ಅದನ್ನು ತಾನು ಮಾಡಿದೆನಲ್ಲ ಎಂದು ಕೊರಗಬೇಕಾಗಿಲ್ಲ. ಪ್ರೇಕ್ಷಕನಿಗೆ ಕರುಣೆ ಹುಟ್ಟಬಹುದು, ಪಶ್ಚಾತ್ತಾಪ ಹುಟ್ಟಲಾರದು. ಆಟ ಎಂಬ ಮಾಧ್ಯಮದಲ್ಲಿ ಮಾತ್ರ ಪಶ್ಚಾತ್ತಾಪಕ್ಕೆ ಜಾಗವಿದೆ. ಹಾಗೆಂದ ಮೇಲೆ ನಾಟಕ, ಸಿನಿಮಾಗಳಿಂದ ತಂದ ಅಳತೆಗೋಲಿನಿಂದ ಆಟದ ಕೊನೆಯನ್ನು ಅಳೆಯಲಾಗುವುದಿಲ್ಲ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನನ್ನ ತಂಗಿಯ ಮಗ ಇಂಜಿನಿಯರಿಂಗ್ ಓದುತ್ತಿದ್ದಾಗ ರಜೆಗೆ ನಮ್ಮ ಮನೆಗೆ ಬಂದು, 2004ರಲ್ಲಿ ಬಂದಿದ್ದ ‘ಮೆಟಲ್ ಗಿಯರ್ ಸಾಲಿಡ್ 3’ ಎಂಬ ಹಳೆಯ ಆಟವನ್ನು ಆಡುತ್ತಿದ್ದ. 1964ರ ಸೋವಿಯತ್ ಕಾಡುಗಳಲ್ಲಿ ನಡೆಯುವ ಕಥೆ. ನಾಯಕನಿಗೆ ಯುದ್ಧವಿದ್ಯೆಯನ್ನೆಲ್ಲ ಕಲಿಸಿದ, ತಾಯಿಯಂಥ ಗುರು ಒಬ್ಬಳಿದ್ದಾಳೆ. ಅವಳ ಹೆಸರು ‘ದಿ ಬಾಸ್’. ಅವಳು ವೈರಿಗಳ ಕಡೆ ಸೇರಿದಳೆಂದು, ಅವಳನ್ನು ಕೊಲ್ಲುವ ಕೆಲಸವನ್ನು ಇವನಿಗೇ ಒಪ್ಪಿಸಲಾಗುತ್ತದೆ. ಕೊನೆಯ ಕಾಳಗ ನಡೆಯುವುದು ಕಣ್ಣು ಹಾಯುವಷ್ಟು ದೂರ ಬಿಳಿ ಹೂ ಅರಳಿರುವ ಬಯಲಿನಲ್ಲಿ. ಕಾಳಗಕ್ಕೆ ಹತ್ತೇ ನಿಮಿಷ ಕಾಲ. ಅವಳು ಸೋತು ಹೂಗಳ ನಡುವೆ ಮಲಗುತ್ತಾಳೆ, ತನ್ನ ಬಂದೂಕನ್ನು ಶಿಷ್ಯನ ಕೈಗಿಡುತ್ತಾಳೆ. ಅವನು ಗುರಿ ಹಿಡಿದು ನಿಲ್ಲುತ್ತಾನೆ. ಇಷ್ಟು ಹೊತ್ತು ಸಿನಿಮಾದಂತೆ ತಾನಾಗಿ ಓಡುತ್ತಿದ್ದ ದೃಶ್ಯ ಅಲ್ಲಿಗೆ ನಿಂತುಬಿಡುತ್ತದೆ. ಏನು ಮಾಡಬೇಕೆಂಬ ಸೂಚನೆ ಇಲ್ಲ, ಸಂಗೀತದ ಒತ್ತಾಯವಿಲ್ಲ. ಗುಂಡು ಹಾರಿಸುವ ಬಟನ್ ಮಾತ್ರ ಆಟಗಾರನ ಕೈಯಲ್ಲಿದೆ.

ಹುಡುಗ ಸೋಫಾದ ಅಂಚಿಗೆ ಬಂದು ಕುಳಿತಿದ್ದ. ಹೆಬ್ಬೆರಳು ಬಟನ್ನಿನ ಮೇಲಿತ್ತು, ಒತ್ತುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಂಟ್ರೋಲರನ್ನು ನನ್ನ ಕಡೆ ಚಾಚಿ, “ಮಾಮ, ನೀನೇ ಒತ್ತು” ಎಂದ. ನಾನು ತೆಗೆದುಕೊಳ್ಳಲಿಲ್ಲ, ಅವನಿಗೆ ಪಾಠ ಕಲಿಸಲೆಂದಲ್ಲ, ನನಗೂ ಬೇಡವಾಗಿತ್ತು. ಆ ತನಕ ನೂರಾರು ಸೈನಿಕರನ್ನು ಹೊಡೆದುರುಳಿಸಿದ್ದ ಬೆರಳು ಅದು, ಅದೇ ಬಟನ್, ಅದೇ ಒತ್ತು. ಒತ್ತಿದ. ಬಿಳಿ ಹೂಗಳೆಲ್ಲ ಕೆಂಪಾದವು. ಅವಳು ದ್ರೋಹಿಯೇ ಆಗಿರಲಿಲ್ಲ, ದೇಶದ ಮಾನ ಉಳಿಸಲು ಮೇಲಿನವರ ಆಣತಿಯಂತೆ ಕಳಂಕವನ್ನು ಹೊತ್ತಳು ಎಂಬುದು ಆಮೇಲೆ ತಿಳಿಯುತ್ತದೆ. ನಾಯಕನಿಗೆ ಪದಕ ಸಿಗುತ್ತದೆ, ಅವಳ ಸಮಾಧಿಯ ಮೇಲೆ ಹೆಸರೂ ಇರುವುದಿಲ್ಲ. ಆ ಕಥೆಯನ್ನು ಯಾರಾದರೂ ಹೇಳಿದ್ದರೆ ಹುಡುಗ ಒಂದು ನಿಟ್ಟುಸಿರು ಬಿಟ್ಟು ಮರೆಯುತ್ತಿದ್ದ. ಮರುದಿನ ಬೆಳಗ್ಗೆ ತಿಂಡಿ ತಿನ್ನುವಾಗ ಅವನು ಕೇಳಿದ್ದು, ಒತ್ತದೇ ಹಾಗೇ ಆಫ್ ಮಾಡಿಬಿಡಬಹುದಿತ್ತಲ್ಲವೇ ಎಂದು.

2013ರ ‘ದಿ ಲಾಸ್ಟ್ ಆಫ್ ಅಸ್’ ಇದನ್ನೇ ಇನ್ನಷ್ಟು ಸಂಕಟಕ್ಕೆ ಒಯ್ಯುತ್ತದೆ. ಮಹಾಮಾರಿಯಿಂದ ನಾಶವಾದ ಅಮೆರಿಕದಲ್ಲಿ, ಮಗಳನ್ನು ಕಳೆದುಕೊಂಡ ಜೋಯಲ್, ರೋಗ ತಟ್ಟದ ‘ಎಲ್ಲಿ’ ಎಂಬ ಹದಿನಾಲ್ಕರ ಹುಡುಗಿಯನ್ನು ದೇಶದ ಉದ್ದಕ್ಕೂ ಕಾಪಾಡಿ ಕರೆತರುತ್ತಾನೆ. ಮದ್ದು ತಯಾರಿಸಬೇಕಾದರೆ ಅವಳ ಮಿದುಳನ್ನೇ ತೆಗೆಯಬೇಕು ಎಂದು ಕೊನೆಯಲ್ಲಿ ಗೊತ್ತಾಗುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಗೆ ಜೋಯಲ್ ನುಗ್ಗಿದಾಗ ವೈದ್ಯನೊಬ್ಬ ಸಣ್ಣ ಚೂರಿ ಹಿಡಿದು ಅಡ್ಡ ನಿಲ್ಲುತ್ತಾನೆ. ಅವನನ್ನು ಆಟಗಾರನೇ ಕೊಲ್ಲಬೇಕು. ಇಲ್ಲದಿದ್ದರೆ ಕಥೆ ಮುಂದೆ ಸಾಗದು. ಹುಡುಗಿ ಬದುಕುತ್ತಾಳೆ. ಇಬ್ಬರೂ ಹಸಿರು ಬೆಟ್ಟವೊಂದರ ಬಳಿ ಹೊಸ ಬಾಳಿನ ಕಡೆ ನಡೆಯುತ್ತಾರೆ. ಹೊರನೋಟಕ್ಕೆ ಇದು ಸುಖಾಂತ. ಆದರೆ ಆ ಕೊನೆಯ ನಡಿಗೆಯಲ್ಲಿ ಆಟ ಒಂದು ಕೆಲಸ ಮಾಡುತ್ತದೆ: ಬಹುಪಾಲು ಜೋಯಲ್ ಆಗಿಯೇ ಆಡುತ್ತ ಬಂದಿದ್ದ ನಮ್ಮನ್ನು ಆ ಹುಡುಗಿಯಾಗಿ ನಡೆಸುತ್ತದೆ. ಹೀಗಾಗಿ ಆಸ್ಪತ್ರೆಯಲ್ಲಿ ನಡೆದದ್ದರ ಬಗ್ಗೆ ಜೋಯಲ್ ಹೇಳುವ ಸುಳ್ಳನ್ನು ನಾವು ಅವಳ ಕಿವಿಯಿಂದ ಕೇಳುತ್ತೇವೆ. ಅವಳು “ಓಕೆ” ಎನ್ನುತ್ತಾಳೆ, ಆಟ ಮುಗಿಯುತ್ತದೆ. ಮಾಡಿದವರೂ ನಾವೇ, ಮೋಸಹೋದವರೂ ನಾವೇ. ಇದನ್ನು ಸುಖಾಂತವೆಂದು ಕರೆಯಬೇಕೋ ದುಃಖಾಂತವೆಂದೋ ಎಂದು ಆಡಿದವರು ಇಂದಿಗೂ ವಾದಿಸುತ್ತಾರೆ. ನನ್ನ ಮಟ್ಟಿಗೆ, ಆಟ ನಮ್ಮ ಬೆರಳಿನಿಂದ ಮಾಡಿಸಿದ್ದನ್ನು ನಮಗೇ ಒಪ್ಪಿಸಿ ಹೋಗುವುದರಿಂದ, ಅದು ಪ್ರಾಮಾಣಿಕವಾದ ಕೊನೆ.

ದುಃಖಾಂತವಾದ ಮಾತ್ರಕ್ಕೆ ಕಥೆಗೆ ಗಾಂಭೀರ್ಯ ಬಂತೆಂದು ತಿಳಿಯುವ ಅಭ್ಯಾಸವೊಂದು ಆಟದ ವಿಮರ್ಶಕರಲ್ಲಿ ಬೆಳೆದಿದೆ. ಅದನ್ನು ನಾನು ಒಪ್ಪುವುದಿಲ್ಲ. 2008ರ ‘ಫಾಲ್‌ಔಟ್ 3’ರ ಕೊನೆಯಲ್ಲಿ, ಜನರಿಗೆ ಶುದ್ಧ ನೀರು ಸಿಗಬೇಕಾದರೆ ಮಾರಕ ವಿಕಿರಣ ತುಂಬಿದ ಕೋಣೆಗೆ ಯಾರಾದರೂ ಹೋಗಿ ಯಂತ್ರವನ್ನು ಚಾಲೂ ಮಾಡಬೇಕು. ಅದೇ ಹೊತ್ತಿಗೆ ನಮ್ಮ ಪಕ್ಕದಲ್ಲಿ ಫಾಕ್ಸ್ ಎಂಬ ಗೆಳೆಯನಿರಬಹುದು, ಅವನಿಗೆ ವಿಕಿರಣದಿಂದ ಏನೂ ಆಗುವುದಿಲ್ಲ. ಹಿಂದೊಮ್ಮೆ ಇಂಥದ್ದೇ ಕೋಣೆಯೊಳಗೆ ಹೋಗಿ ಅವನು ನಮಗೆ ನೆರವಾಗಿರುತ್ತಾನೆ. ಈಗ ಹೋಗು ಎಂದರೆ, ಇದು ನಿನ್ನ ವಿಧಿ, ನಾನು ಅಡ್ಡ ಬರಲಾರೆ ಎಂದುಬಿಡುತ್ತಾನೆ. ಇಂಥ ಕಡೆ ಆಟಗಾರನಿಗೆ ಹುಟ್ಟುವುದು ದುಃಖವಲ್ಲ, ಸಿಟ್ಟು. ಕಥೆಗಾರನಿಗೆ ಬಲಿದಾನ ಬೇಕಾಗಿತ್ತು, ಅದಕ್ಕಾಗಿ ತಾನೇ ಕಟ್ಟಿದ ಲೋಕದ ನಿಯಮವನ್ನು ಮುರಿದ. ಮರುವರ್ಷ ಬಂದ ‘ಬ್ರೋಕನ್ ಸ್ಟೀಲ್’ ಎಂಬ ಹೆಚ್ಚುವರಿ ಭಾಗದಲ್ಲಿ ಗೆಳೆಯನನ್ನೇ ಕಳುಹಿಸುವುದಕ್ಕೂ ಆಟವನ್ನು ಮುಂದುವರಿಸುವುದಕ್ಕೂ ಅವಕಾಶ ಮಾಡಿಕೊಟ್ಟರು. ಕೆಲವರು ಇದನ್ನು ಗ್ರಾಹಕರ ಒತ್ತಡಕ್ಕೆ ಕಲೆ ಮಣಿದದ್ದೆಂದು ನೋಡುತ್ತಾರೆ. ಲೆಕ್ಕದ ತಪ್ಪನ್ನು ತಿದ್ದಿದ್ದು ಎಂದು ನಾನು ನೋಡುತ್ತೇನೆ.

ಇನ್ನು ಸುಖಾಂತದ ಪರವಾಗಿ. ಎಳೆಯ ಮಕ್ಕಳಿಗಾಗಿ ಮಾಡಿದ ಆಟಗಳು ಸುಖವಾಗಿ ಮುಗಿಯಲಿ, ಅದರಲ್ಲಿ ಚರ್ಚೆಗೆ ಹೆಚ್ಚೇನೂ ಇಲ್ಲ. ದೊಡ್ಡವರ ಆಟದಲ್ಲಿ ಸುಖಾಂತಕ್ಕೆ ಬೆಲೆಯಿರಬೇಕು, ಆ ಬೆಲೆಯನ್ನು ಆಟ ಮನ್ನಾ ಮಾಡಬಾರದು. ಪೋಲೆಂಡಿನ ವಾರ್ಸಾದಲ್ಲಿರುವ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ತಂದ ‘ದಿಸ್ ವಾರ್ ಆಫ್ ಮೈನ್’ ಆಟಕ್ಕೆ 1990ರ ದಶಕದ ಬೋಸ್ನಿಯಾ ಯುದ್ಧದಲ್ಲಿ ನಡೆದ ಸರಾಯೆವೊ ನಗರದ ಮುತ್ತಿಗೆಯೇ ಪ್ರೇರಣೆ. ಅದರಲ್ಲಿ ನಾವು ಸೈನಿಕರಲ್ಲ, ಪಾಳುಮನೆಯಲ್ಲಿ ಅಡಗಿರುವ ಸಾಮಾನ್ಯ ಜನ. ರಾತ್ರಿ ಹೊತ್ತು ಆಹಾರ, ಔಷಧ ಹುಡುಕಿಕೊಂಡು ಹೊರಗೆ ಹೋಗಬೇಕು. ಊರಿನಲ್ಲೊಂದು ಮನೆಯಿದೆ, ಅಲ್ಲಿ ವೃದ್ಧ ದಂಪತಿಗಳಿದ್ದಾರೆ. ಅವರ ಮನೆಯಲ್ಲಿ ನಮಗೆ ಬೇಕಾದುದೆಲ್ಲ ಇದೆ, ತಡೆಯುವ ಶಕ್ತಿ ಅವರಲ್ಲಿಲ್ಲ. ನಮ್ಮಲ್ಲೊಬ್ಬ ಜ್ವರದಿಂದ ಮಲಗಿದ್ದಾನೆ. ಕಪಾಟು ತೆರೆದು ಔಷಧ ತೆಗೆದುಕೊಂಡು ಬಂದರೆ ಅವನು ಉಳಿಯುತ್ತಾನೆ, ಆದರೆ ತಂದವನು ಮಾಡಿದ್ದನ್ನು ನೆನೆದು ಕುಗ್ಗಿಹೋಗುತ್ತಾನೆ. ಅಲ್ಲಿಯವರೆಗೆ ಉಳಿದುಕೊಂಡವರಿಗೆ ಒಂದು ದಿನ ಕದನವಿರಾಮ ಬರುತ್ತದೆ, ಉಳಿದವರ ಮುಂದಿನ ಬದುಕು ಹೇಗಾಯಿತೆಂದು ಆಟ ಒಬ್ಬೊಬ್ಬರಾಗಿ ಹೇಳುತ್ತದೆ. ಯುದ್ಧ ನಿಂತಿತು, ಜೀವ ಉಳಿಯಿತು. ಇದಕ್ಕಿಂತ ದೊಡ್ಡ ಸುಖಾಂತ ಯಾವುದು? ಆ ಕಪಾಟಿನ ಬಾಗಿಲು ಮಾತ್ರ ತೆರೆದದ್ದು ತೆರೆದಂತೆಯೇ ಇರುತ್ತದೆ.

2015ರಲ್ಲಿ ಟೋಬಿ ಫಾಕ್ಸ್ ಹೆಚ್ಚುಕಡಿಮೆ ಒಬ್ಬರೇ ಕುಳಿತು ಮಾಡಿದ ‘ಅಂಡರ್‌ಟೇಲ್’ ನಾನು ಕಂಡ ಸುಖಾಂತಗಳಲ್ಲೇ ಅತ್ಯಂತ ಚೆಲುವಾದದ್ದು. ಅದರಲ್ಲಿ ಎದುರಾದ ಯಾರನ್ನೂ ಕೊಲ್ಲದೆ, ಮಾತನಾಡಿ, ನಗಿಸಿ, ಸಮಾಧಾನ ಮಾಡಿ ಇಡೀ ಆಟವನ್ನು ದಾಟಬಹುದು. ಹಾಗೆ ದಾಟಿದವನಿಗೆ ಕೊನೆಯಲ್ಲಿ ಎಲ್ಲ ಗೆಳೆಯರೂ ಸೇರಿ ಸೂರ್ಯನನ್ನು ನೋಡುವ ಭಾಗ್ಯವುಂಟು. ಎಲ್ಲರನ್ನೂ ಕೊಂದು ಮುಗಿಸುವ ದಾರಿಯೂ ಇದೆ. ಕುತೂಹಲಕ್ಕೆಂದು ಆ ದಾರಿ ಹಿಡಿದು, ಆಮೇಲೆ ಏನೂ ಆಗದವರಂತೆ ಮೊದಲಿನಿಂದ ಆಡಿ ಒಳ್ಳೆಯ ಕೊನೆ ತಲುಪಿದರೆ, ಗೆಳೆಯರ ಗುಂಪಿನ ಆ ಕಡೆಯ ಚಿತ್ರ ಕೆಟ್ಟಿರುತ್ತದೆ. ಹಿಂದೆ ನಾವು ಮಾಡಿದ್ದನ್ನು ಆಟ ಮರೆತಿರುವುದಿಲ್ಲ. ಮತ್ತೆ ಶುರುಮಾಡಿದರೆ ಎಲ್ಲ ಅಳಿಸಿಹೋಗುತ್ತದೆ ಎಂಬ ಧೈರ್ಯವೇ ಆಟಗಾರನನ್ನು ಹೊಣೆಗೇಡಿಯಾಗಿಸುವುದು. ಆ ಧೈರ್ಯವನ್ನು ಈ ಆಟ ಕಿತ್ತುಕೊಳ್ಳುತ್ತದೆ, ಅದರಿಂದಲೇ ಅದರ ಆ ಸೂರ್ಯದರ್ಶನಕ್ಕೆ ಅರ್ಥ ಬರುತ್ತದೆ.

ಕೈಯಿಂದ ಏನೂ ಮಾಡಲಾಗದ ಕಥೆಗಳೂ ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. ರಯಾನ್ ಮತ್ತು ಏಮಿ ಗ್ರೀನ್ ಎಂಬ ದಂಪತಿ ಕ್ಯಾನ್ಸರ್ ತಗುಲಿದ್ದ ತಮ್ಮ ಮಗ ಜೋಯಲ್‌ನ ಬಗ್ಗೆ ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಎಂಬ ಆಟವನ್ನು ಕಟ್ಟುತ್ತಿದ್ದರು. ಆಟ ಮುಗಿಯುವ ಮೊದಲೇ, 2014ರ ಮಾರ್ಚ್‌ನಲ್ಲಿ, ಐದು ವರ್ಷದ ಮಗು ತೀರಿಕೊಂಡಿತು; ಆಟ 2016ರ ಜನವರಿಯಲ್ಲಿ ಹೊರಬಂತು. ಅದರಲ್ಲೊಂದು ರಾತ್ರಿ ಆಸ್ಪತ್ರೆಯ ಕೋಣೆಯಲ್ಲಿ ಮಗು ಒಂದೇ ಸಮನೆ ಅಳುತ್ತದೆ. ಹಣ್ಣಿನ ರಸ ಕುಡಿಸಿದರೆ ನಿಲ್ಲುವುದಿಲ್ಲ, ಎತ್ತಿಕೊಂಡರೆ ನಿಲ್ಲುವುದಿಲ್ಲ. ಬಟನ್ ಒತ್ತಿದರೆ ಏನಾದರೂ ಸರಿಹೋಗುತ್ತದೆ ಎಂಬ ನಮ್ಮ ಇಷ್ಟು ವರ್ಷಗಳ ರೂಢಿ ಆ ಕೋಣೆಯಲ್ಲಿ ಕೆಲಸಕ್ಕೆ ಬಾರದು. ಕಡೆಗೆ ತಂದೆ ಪ್ರಾರ್ಥನೆ ಮಾಡುತ್ತಾನೆ, ಅಳು ನಿಲ್ಲುತ್ತದೆ. ಅಲ್ಲೂ ಕೈ ಇದೆ ಎಂದೇ ನನ್ನ ಭಾವನೆ. ಸೋತ ಕೈ, ಆದರೆ ಕೊನೆಯವರೆಗೂ ಮಗುವಿನ ಮೇಲಿದ್ದ ಕೈ. ಆಟದ ಮುಕ್ತಾಯದಲ್ಲಿ ಜೋಯಲ್ ಬೇರೊಂದು ಲೋಕದಲ್ಲಿ ತನಗಿಷ್ಟವಾದ ಪ್ಯಾನ್‌ಕೇಕ್‌ಗಳೊಂದಿಗೆ, ಸೋಪಿನ ಗುಳ್ಳೆಗಳೊಂದಿಗೆ ಕುಳಿತಿರುತ್ತಾನೆ. ಆ ತಂದೆತಾಯಿಯ ನಂಬಿಕೆ ಅದು. ಮಗುವನ್ನು ಕಳೆದುಕೊಂಡವರು ತಾವೇ ಬರೆದುಕೊಂಡ ಈ ಸುಖಾಂತದ ಬಗ್ಗೆ ಯಾವ ವಿಮರ್ಶಕನೂ ತೀರ್ಪು ಕೊಡಲು ಹೋಗಬಾರದು.

ಕೊನೆಯದಾಗಿ 2017ರ ‘ನಿಯರ್: ಆಟೊಮೇಟಾ’. ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳಿಗೆ ತಕ್ಕಂತೆ ಅದಕ್ಕೆ 26 ಕೊನೆಗಳಿವೆ. ಮುಖ್ಯವಾದ ನಾಲ್ಕನ್ನು ಕಂಡ ಮೇಲೆ ಐದನೆಯದರಲ್ಲಿ, ಆಟವನ್ನು ರಚಿಸಿದವರ ಹೆಸರುಗಳು ಪರದೆಯ ಮೇಲೆ ಬರುತ್ತವೆ, ಆ ಹೆಸರುಗಳೇ ನಮ್ಮ ಮೇಲೆ ಗುಂಡಿನ ಮಳೆ ಸುರಿಸುತ್ತವೆ. ಸತ್ತವರನ್ನು ಮತ್ತೆ ಬದುಕಿಸಬೇಕಾದರೆ ಆ ಮಳೆಯನ್ನು ದಾಟಬೇಕು, ಒಂಟಿಯಾಗಿ ದಾಟುವುದು ಬಹಳ ಕಷ್ಟ. ಮತ್ತೆ ಮತ್ತೆ ಸೋತಾಗ, ಹಿಂದೆ ಇದೇ ಜಾಗವನ್ನು ದಾಟಿದ್ದ ಬೇರೆ ಬೇರೆ ದೇಶಗಳ ಆಟಗಾರರು ಬಿಟ್ಟುಹೋದ ಧೈರ್ಯದ ಮಾತುಗಳು ಕಾಣಿಸುತ್ತವೆ, ಅವರ ನೆರವು ಬಂದು ನಮ್ಮ ಸುತ್ತ ನಿಲ್ಲುತ್ತದೆ. ನಮಗೆ ಬೀಳಬೇಕಾದ ಒಂದೊಂದು ಪೆಟ್ಟಿಗೂ ಅವರಲ್ಲೊಬ್ಬರು ಮರೆಯಾಗುತ್ತಾರೆ. ದಾಟಿದ ಮೇಲೆ ಆಟ ನಮ್ಮನ್ನು ಕೇಳುತ್ತದೆ: ಯಾರೆಂದೇ ತಿಳಿಯದ ಇನ್ನೊಬ್ಬರಿಗೆ ಹೀಗೆಯೇ ನೆರವಾಗಲು, ನೀನು ಇಷ್ಟು ಕಾಲ ಆಡಿ ಸೇವ್ ಮಾಡಿದ್ದನ್ನೆಲ್ಲ ಅಳಿಸಲು ಒಪ್ಪುತ್ತೀಯಾ? ಆ ಇನ್ನೊಬ್ಬರನ್ನು ನೀನು ಇಷ್ಟಪಡದೆಯೂ ಇರಬಹುದು, ಆದರೂ ಒಪ್ಪುತ್ತೀಯಾ?

ಬಿಳಿ ಹೂಗಳ ಬಯಲಿನಲ್ಲಿ ಕಂಟ್ರೋಲರನ್ನು ನನ್ನತ್ತ ಚಾಚಿದ ಹುಡುಗ ಈಗ ಕೆಲಸದಲ್ಲಿದ್ದಾನೆ. ಈ ಆಟವನ್ನು ಮುಗಿಸಿದ ರಾತ್ರಿ ಫೋನ್ ಮಾಡಿ, ಮೂರು ತಿಂಗಳ ಆಟ ಪೂರ್ತಿ ಹೋಯಿತು ಮಾಮ ಎಂದ. ಯಾರು ಒತ್ತಿದ್ದು ಎಂದು ಕೇಳಿದೆ. “ನಾನೇ” ಎಂದ.